ಕೆನೆಯ ಕೇಕು ಮತ್ತು ಎರಡು ನಿಮಿಷದ ಮೌನ

ಪ್ರೌಢಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಬೋಧಿಸಿದವನು ನಾನು. ಕನ್ನಡ ಪಂಡಿತರು ರಜೆ ಹಾಕಿದ ದಿನ ಅವರ ತರಗತಿಯೂ ನನ್ನ ಪಾಲಿಗೇ ಬರುತ್ತಿತ್ತು. ಅಂಥ ದಿನಗಳಲ್ಲಿ ಹೆಚ್ಚು ಯೋಚಿಸದೆ ಕಪ್ಪು ಹಲಗೆಯ ಮೇಲೆ ಒಂದು ಗಾದೆ ಬರೆದು, 'ವಿಸ್ತರಿಸಿ ಬರೆಯಿರಿ' ಎಂದು ಹೇಳಿ ಕುಳಿತುಬಿಡುತ್ತಿದ್ದೆ. ಬಹುಪಾಲು ಆ ಗಾದೆ 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದೇ ಆಗಿರುತ್ತಿತ್ತು. ಮಕ್ಕಳು ರೈತನ ಉದಾಹರಣೆ ಕೊಟ್ಟು, ದುಡಿಮೆಯ ಮಹತ್ವ ಹೇಳಿ, ಸೋಮಾರಿಗೆ ಬುದ್ಧಿ ಹೇಳಿ ಮುಗಿಸುತ್ತಿದ್ದರು.

ಒಬ್ಬ ಹುಡುಗ ಮಾತ್ರ ಒಂದೇ ವಾಕ್ಯ ಬರೆದಿದ್ದ. 'ನಮ್ಮ ಅಪ್ಪನ ಕೈ ದಿನವೂ ಕೆಸರಾಗುತ್ತದೆ, ಮೊಸರು ಮಾತ್ರ ಗದ್ದೆಯ ಒಡೆಯರ ಮನೆಗೆ ಹೋಗುತ್ತದೆ.' ನಾನು ಅದರ ಕೆಳಗೆ ಕೆಂಪು ಶಾಯಿಯಲ್ಲಿ 'ವಿಸ್ತರಣೆ ಸಾಲದು' ಎಂದು ಬರೆದು ಐದಕ್ಕೆ ಒಂದು ಅಂಕ ಕೊಟ್ಟೆ. ಅವನು ಏನೂ ಹೇಳಲಿಲ್ಲ. ಆ ವಾಕ್ಯ ಬಹುಕಾಲದ ಮೇಲೆ, ಸಾವಿರಾರು ಮೈಲಿ ದೂರದ ಒಂದು ಅಡುಗೆಮನೆಯಲ್ಲಿ, ಕೇಕಿನ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ನನಗೆ ನೆನಪಾಯಿತು. ಆ ಕಥೆಯನ್ನೇ ಇಂದು ಹೇಳಹೊರಟಿದ್ದೇನೆ.

2024ರ ವಸಂತದಲ್ಲಿ ನಾನೂ ನನ್ನಾಕೆಯೂ ಮೂರು ತಿಂಗಳ ಮಟ್ಟಿಗೆ ಮಗಳ ಮನೆಯಲ್ಲಿದ್ದೆವು. ಮಗಳು, ಅಳಿಯ ಇಬ್ಬರೂ ನೆದರ್ಲೆಂಡ್ಸಿನಲ್ಲಿ ಉದ್ಯೋಗದಲ್ಲಿದ್ದಾರೆ. ಆಮ್‌ಸ್ಟರ್‌ಡ್ಯಾಮಿಗೆ ಅಂಟಿಕೊಂಡಂತಿರುವ ಆಮ್‌ಸ್ಟಲ್‌ವೇನ್ ಎಂಬ ಊರಿನಲ್ಲಿ ಅವರ ಮನೆ. ಭಾರತೀಯರು ಅಲ್ಲಿ ಎಷ್ಟು ಮಂದಿ ಇದ್ದಾರೆಂದರೆ, ಸಂಜೆ ಉದ್ಯಾನದಲ್ಲಿ ಒಂದು ಸುತ್ತು ಹಾಕಿದರೆ ಕನ್ನಡವೂ ಕಿವಿಗೆ ಬೀಳುತ್ತದೆ. ಮೇ 5ರಂದು ಮೊಮ್ಮಗಳಿಗೆ ಆರು ತುಂಬುವುದಿತ್ತು. ಅಂಗಡಿಯಿಂದ ತಂದ ಕೇಕು ಬೇಡ, ಪಕ್ಕದ ಮನೆಯ 'ಓಮಾ' ಮಾಡುವಂಥದೇ ಬೇಕು ಎಂದು ಅವಳ ಹಟ. ಡಚ್ ಭಾಷೆಯಲ್ಲಿ ಓಮಾ ಎಂದರೆ ಅಜ್ಜಿ. ಆ ಹಿರಿಯರಿಗೆ ಆಗ ಎಂಬತ್ತೇಳು ವರ್ಷ. ಒಬ್ಬರೇ ವಾಸ, ಈಗಲೂ ಸೈಕಲ್ ತುಳಿಯುತ್ತಾರೆ, ಇಂಗ್ಲಿಷನ್ನು ನಿಧಾನವಾಗಿ ಆದರೆ ಸ್ಪಷ್ಟವಾಗಿ ಮಾತನಾಡುತ್ತಾರೆ.

ಮೊಮ್ಮಗಳು ಬಯಸಿದ ಆ ಕೇಕಿಗೆ 'ಸ್ಲಾಖ್‌ರೋಮ್‌ಟಾರ್ಟ್' ಎಂದು ಹೆಸರು. ಸ್ಲಾಖ್ ಎಂದರೆ ಹೊಡೆತ, ರೋಮ್ ಎಂದರೆ ಕೆನೆ, ಟಾರ್ಟ್ ಎಂದರೆ ಕೇಕು. ಹೊಡೆದು ನೊರೆಗಟ್ಟಿಸಿದ ಕೆನೆಯಿಂದ ಮುಚ್ಚಿದ ಮೆತ್ತನೆಯ ಕೇಕು ಎಂದರ್ಥ. ಡಚ್ಚರ ಹುಟ್ಟುಹಬ್ಬಕ್ಕೂ ಇದಕ್ಕೂ ಬಿಡಿಸಲಾಗದ ನಂಟು. ಅವರ ಹುಟ್ಟುಹಬ್ಬದ ಆಚರಣೆ ನಮ್ಮಂಥವರಿಗೆ ವಿಚಿತ್ರವೆನಿಸುತ್ತದೆ. ಕೋಣೆಯಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಜೋಡಿಸಿ ಎಲ್ಲರೂ ಸುತ್ತ ಕೂರುತ್ತಾರೆ. ಬಂದವರು ಹುಟ್ಟಿದವರನ್ನು ಮಾತ್ರವಲ್ಲ, ತಾಯಿ, ತಂದೆ, ಅಜ್ಜ, ಅತ್ತೆ, ಎಲ್ಲರನ್ನೂ ಕೈಕುಲುಕಿ ಅಭಿನಂದಿಸುತ್ತಾರೆ. ಆಮೇಲೆ ಕಾಫಿಯೊಡನೆ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೇಕು. ಕಚೇರಿಯಲ್ಲಾದರೆ ಹುಟ್ಟುಹಬ್ಬದವರೇ ಸಹೋದ್ಯೋಗಿಗಳಿಗೆ ಕೇಕು ತಂದು ಹಂಚಬೇಕು. ಬಂಧುಮಿತ್ರರ ಜನ್ಮದಿನಗಳನ್ನು ಬರೆದ ಕ್ಯಾಲೆಂಡರನ್ನು ಶೌಚಾಲಯದ ಗೋಡೆಗೆ ತೂಗುಹಾಕುವ ಪದ್ಧತಿಯೂ ಉಂಟು. ದಿನಕ್ಕೆ ನಾಲ್ಕು ಬಾರಿ ಕಣ್ಣಿಗೆ ಬೀಳುವ ಜಾಗ, ಮರೆಯುವ ಪ್ರಶ್ನೆಯೇ ಇಲ್ಲ!

ಹುಟ್ಟುಹಬ್ಬದ ಸಂಭ್ರಮ ಅವರಲ್ಲಿ ಇಂದು ನಿನ್ನೆಯದಲ್ಲ. ಹದಿನೇಳನೆಯ ಶತಮಾನದ ಚಿತ್ರಕಾರ ಯಾನ್ ಸ್ಟೇನ್, ರಾಜಕುಮಾರ ಮೂರನೆಯ ವಿಲಿಯಮನ ಜನ್ಮದಿನವನ್ನು ಜನರು ಪಾನಗೃಹವೊಂದರಲ್ಲಿ ಕುಡಿದು ಕುಣಿದು ಆಚರಿಸುವ ದೃಶ್ಯವನ್ನು ಚಿತ್ರಿಸಿದ್ದಾನೆ. ಆ ಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಆದರೆ ಸಾಮಾನ್ಯರ ಮನೆಯ ಹುಟ್ಟುಹಬ್ಬಕ್ಕೆ ಬಿಳಿ ಕೆನೆಯ ಕೇಕು ಬಂದದ್ದು ಬಹಳ ತಡವಾಗಿ. ಅದಕ್ಕೆ ಸಕ್ಕರೆ ಅಗ್ಗವಾಗಬೇಕಿತ್ತು, ಕೆನೆ ಸುಲಭವಾಗಿ ಸಿಗಬೇಕಿತ್ತು, ಮನೆಯಲ್ಲಿ ಒಲೆಯೂ ತಂಪುಪೆಟ್ಟಿಗೆಯೂ ಇರಬೇಕಿತ್ತು.

ಮೇ 4, ಶನಿವಾರ ಸಂಜೆ ಓಮಾ ನಮ್ಮ ಅಡುಗೆಮನೆಗೆ ಬಂದರು. ಒಳಗಿನ ಕೇಕನ್ನು ಹಿಂದಿನ ದಿನವೇ ಬೇಯಿಸಿಡಬೇಕು, ಬಿಸಿಯಿರುವಾಗ ಕತ್ತರಿಸಿದರೆ ಪುಡಿಯಾಗುತ್ತದೆ ಎಂಬುದು ಅವರ ಮೊದಲ ಪಾಠ. ಐದು ಮೊಟ್ಟೆ, 150 ಗ್ರಾಂ ಸಕ್ಕರೆ, 150 ಗ್ರಾಂ ಮೈದಾ, ಚಿಟಿಕೆ ಉಪ್ಪು, ತುರಿದ ನಿಂಬೆ ಸಿಪ್ಪೆ, ಇಷ್ಟೇ ಸಾಮಗ್ರಿ. ಬೇಕಿಂಗ್ ಪೌಡರ್ ಇಲ್ಲ, ಸೋಡಾ ಇಲ್ಲ. ಮೊಟ್ಟೆ ಸಕ್ಕರೆಗಳ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು, ಬೆರಳಿಗೆ ಬೆಚ್ಚಗೆ ತಾಗುವವರೆಗೆ ಕದಡಬೇಕು. ಬಳಿಕ ಕೆಳಗಿಳಿಸಿ, ಯಂತ್ರದ ಕಡೆಗೋಲಿನಿಂದ ಹತ್ತು ನಿಮಿಷ ಬಿಡದೆ ಹೊಡೆಯಬೇಕು. ಹಳದಿ ದ್ರವ ನೋಡನೋಡುತ್ತ ಉಬ್ಬಿ, ಬಿಳಿಚಿ, ಎತ್ತಿ ಬಿಟ್ಟರೆ ಪಟ್ಟಿಯಂತೆ ಇಳಿದು ಕ್ಷಣಕಾಲ ಮೇಲೆಯೇ ನಿಲ್ಲುವ ಹದಕ್ಕೆ ಬರುತ್ತದೆ. ಈ ಕೇಕನ್ನು ಉಬ್ಬಿಸುವುದು ಮೊಟ್ಟೆಯ ನೊರೆಯೊಳಗೆ ಸಿಕ್ಕಿಕೊಂಡ ಗಾಳಿಯೇ. ಒಲೆಯ ಕಾವಿಗೆ ಆ ಗಾಳಿ ಹಿಗ್ಗುತ್ತದೆ, ಮೊಟ್ಟೆಯ ಪ್ರೋಟೀನು ಅದರ ಸುತ್ತ ಗಟ್ಟಿಯಾಗುತ್ತದೆ. ಆದ್ದರಿಂದ ಮೈದಾವನ್ನು ಜರಡಿ ಹಿಡಿದು, ನೊರೆ ಕುಗ್ಗದಂತೆ ಅಡಿಯಿಂದ ಮೇಲಕ್ಕೆ ಮಗುಚುತ್ತ ಬೆರೆಸಬೇಕು. ಜರಡಿ ಹಿಡಿಯುವ ಕೆಲಸ ನನ್ನದಾಗಿತ್ತು.

ನನ್ನಾಕೆ ಮೊಟ್ಟೆ ತಿನ್ನುವವಳಲ್ಲ. ಅವಳು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬಾದಾಮಿಯ ಚಕ್ಕೆಗಳನ್ನು ಬಾಣಲೆಯಲ್ಲಿ ಹುರಿದು ಕೊಡುವ ಕೆಲಸ ವಹಿಸಿಕೊಂಡಿದ್ದಳು. 'ರೀ, ಐದು ಮೊಟ್ಟೆಯಂತೆ' ಎಂದು ಒಮ್ಮೆ ಹೇಳಿದಳು, ಮತ್ತೆ ಆ ಮಾತೆತ್ತಲಿಲ್ಲ. ಮೊಮ್ಮಗಳ ಹಬ್ಬವಲ್ಲವೇ?

ಹಿಟ್ಟನ್ನು ಬೆಣ್ಣೆ ಸವರಿದ 24 ಸೆಂಟಿಮೀಟರಿನ ದುಂಡು ಅಚ್ಚಿಗೆ ಸುರಿದು, 175 ಡಿಗ್ರಿಗೆ ಕಾಯಿಸಿದ್ದ ಒಲೆಯೊಳಗೆ ಇಟ್ಟಾಗ ಏಳೂ ಮುಕ್ಕಾಲು ಗಂಟೆ. ಅಲ್ಲಿ ಮೇ ತಿಂಗಳಲ್ಲಿ ಆ ಹೊತ್ತಿಗೂ ಬೆಳಕಿರುತ್ತದೆ. ಮೂವತ್ತು ನಿಮಿಷ ಒಲೆಯ ಬಾಗಿಲು ತೆರೆಯಬಾರದು, ತಣ್ಣನೆ ಗಾಳಿ ಹೊಕ್ಕರೆ ಕೇಕು ಕುಸಿಯುತ್ತದೆ ಎಂದು ಓಮಾ ಎಚ್ಚರಿಸಿದರು. ಎಂಟಕ್ಕೆ ಒಂದು ನಿಮಿಷವಿರುವಾಗ ಅವರು ಕೈ ತೊಳೆದು, ಮೇಲುಡುಪನ್ನು ಕಳಚಿ, ಕಿಟಕಿಯ ಕಡೆ ಮುಖ ಮಾಡಿ ನೆಟ್ಟಗೆ ನಿಂತರು. ಮಗಳು, 'ಅಪ್ಪಾ, ಎರಡು ನಿಮಿಷ ಮಾತನಾಡಬೇಡ' ಎಂದು ಪಿಸುಗುಟ್ಟಿದಳು. ಯುದ್ಧದಲ್ಲಿ ಮಡಿದವರ ನೆನಪಿಗೆ ಪ್ರತಿವರ್ಷ ಮೇ 4ರ ರಾತ್ರಿ ಎಂಟಕ್ಕೆ ಆ ದೇಶವೇ ಎರಡು ನಿಮಿಷ ಮೌನವಾಗುತ್ತದೆ. ಟ್ರಾಮುಗಳು ನಿಲ್ಲುತ್ತವೆ. ಮರುದಿನ ಮೇ 5 ಅವರ ವಿಮೋಚನಾ ದಿನ. ನನ್ನ ಮೊಮ್ಮಗಳು ಹುಟ್ಟಿದ ದಿನವೇ ಅದು. ಒಲೆಯೊಳಗೆ ಕೇಕು ಉಬ್ಬುತ್ತಿತ್ತು. ಬೀದಿಯಲ್ಲಿ ಒಂದು ವಾಹನದ ಸದ್ದೂ ಇರಲಿಲ್ಲ.

ಮೌನ ಮುಗಿದ ಬಳಿಕ ಓಮಾ ಕುರ್ಚಿಯಲ್ಲಿ ಕುಳಿತು ತಮ್ಮ ಎಂಟನೆಯ ಹುಟ್ಟುಹಬ್ಬದ ವಿಷಯ ಹೇಳಿದರು. ಅದು 1945ರ ಜನವರಿ, ಆಮ್‌ಸ್ಟರ್‌ಡ್ಯಾಮ್. ಅದರ ಹಿನ್ನೆಲೆಯನ್ನು ಓದುಗ ಮಿತ್ರರಿಗೆ ಸ್ವಲ್ಪ ವಿವರಿಸಬೇಕು. 1944ರ ಸೆಪ್ಟೆಂಬರಿನಲ್ಲಿ ಮಿತ್ರಪಡೆಗಳು ದೇಶದ ದಕ್ಷಿಣ ಭಾಗವನ್ನು ಬಿಡುಗಡೆ ಮಾಡತೊಡಗಿದವು. ಅವರಿಗೆ ನೆರವಾಗಲೆಂದು ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ಸೇಡಿಗಾಗಿ ಜರ್ಮನರು ಪಶ್ಚಿಮದ ನಗರಗಳಿಗೆ ಆಹಾರ ಸಾಗಣೆಯನ್ನು ತಡೆದರು. ಆ ತಡೆ ಸಡಿಲವಾಗುವ ಹೊತ್ತಿಗೆ ಚಳಿಗೆ ಕಾಲುವೆಗಳು ಹೆಪ್ಪುಗಟ್ಟಿ ದೋಣಿಗಳೂ ನಿಂತವು. ಅನಿಲವಿಲ್ಲ, ವಿದ್ಯುತ್ತಿಲ್ಲ, ಕಲ್ಲಿದ್ದಲಿಲ್ಲ. ಜನರು ಟ್ರಾಮಿನ ಹಳಿಗಳ ನಡುವಿನ ಮರದ ತುಂಡುಗಳನ್ನು ಕಿತ್ತು ಉರಿಸಿದರು. ಟ್ಯುಲಿಪ್ ಹೂವಿನ ಗೆಡ್ಡೆಗಳನ್ನೂ ಸಕ್ಕರೆ ಬೀಟನ್ನೂ ತಿಂದರು. ಸುಮಾರು 20,000 ಜನ ಆ 'ಹಸಿವಿನ ಚಳಿಗಾಲ'ದಲ್ಲಿ ಸತ್ತರು.

ಓಮಾ ಅವರ ತಾಯಿ ಎಲ್ಲಿಂದಲೋ ಒಂದು ಸಕ್ಕರೆ ಬೀಟನ್ನು ತಂದು, ತುರಿದು, ಬೇಯಿಸಿ ಹಿಂಡಿದರಂತೆ. ರಸವನ್ನು ಕುದಿಸಿ ಕಪ್ಪು ಪಾಕ ಮಾಡಿದರು. ಉಳಿದ ಚರಟವನ್ನು ತಟ್ಟಿ, ಡಬ್ಬಿಯಷ್ಟು ಸಣ್ಣ ಒಲೆಯ ಮೇಲೆ ಸುಟ್ಟು, ಪಾಕ ಸವರಿ ಮಗಳ ಮುಂದಿಟ್ಟು, 'ಇದೇ ನಿನ್ನ ಸ್ಲಾಖ್‌ರೋಮ್‌ಟಾರ್ಟ್, ಕೆನೆ ಮಾತ್ರ ಯುದ್ಧ ಮುಗಿದ ಮೇಲೆ' ಎಂದರು. ಗಂಟಲಲ್ಲಿ ಕೆರೆಯುವ ಅದರ ರುಚಿ ಇವತ್ತಿಗೂ ಮರೆತಿಲ್ಲವೆಂದು ಓಮಾ ಹೇಳಿದರು. ಯುದ್ಧ ಮುಗಿದ ಕೂಡಲೇ ಕೆನೆಯೇನೂ ಬರಲಿಲ್ಲ. ಪಡಿತರ ಪದ್ಧತಿ ವರ್ಷಗಟ್ಟಲೆ ಮುಂದುವರಿಯಿತು. ಕೊನೆಯ ಪಡಿತರ ವಸ್ತುವಾದ ಕಾಫಿ ಮುಕ್ತವಾದದ್ದು 1952ರಲ್ಲಿ. ತಾಯಿ ಹೇಳಿದ ಕೆನೆಯ ಕೇಕು ಓಮಾಗೆ ಸಿಕ್ಕಿದ್ದು ಹದಿಮೂರನೆಯ ಹುಟ್ಟುಹಬ್ಬಕ್ಕೆ.

ಹದಿಮೂರು ಎಂದೊಡನೆ ನನಗೆ ಇನ್ನೊಂದು ಹುಟ್ಟುಹಬ್ಬ ನೆನಪಾಯಿತು. ಎರಡನೆಯ ಮಹಾಯುದ್ಧದ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ಆನ್ ಫ್ರಾಂಕಳ ಕಥೆ ಹೇಳುತ್ತಿದ್ದೆ. 1942ರ ಜೂನ್ 12ರಂದು, ಇದೇ ಆಮ್‌ಸ್ಟರ್‌ಡ್ಯಾಮಿನಲ್ಲಿ, ಅವಳಿಗೆ ಹದಿಮೂರು ತುಂಬಿತು. ದಿನಚರಿಯ ಪುಸ್ತಕ ಉಡುಗೊರೆಯಾಗಿ ಬಂದದ್ದು ಅಂದೇ. ಅಂದು ದೊರೆತವುಗಳ ಪಟ್ಟಿಯಲ್ಲಿ ಅಮ್ಮ ಕೊಟ್ಟ ಸ್ಟ್ರಾಬೆರಿ ಟಾರ್ಟನ್ನೂ ಅವಳು ನಮೂದಿಸಿದ್ದಾಳೆ. ಮೂರೇ ವಾರಗಳ ಬಳಿಕ, ಜುಲೈ 6ರಂದು, ಕುಟುಂಬ ಅಡಗುತಾಣ ಸೇರಿತು. 1944ರ ಆಗಸ್ಟ್ 4ರಂದು ಸಿಕ್ಕಿಬಿದ್ದರು. ಆನ್ ಮತ್ತು ಅವಳಕ್ಕ 1945ರ ಆರಂಭದಲ್ಲಿ ಬೆರ್ಗನ್-ಬೆಲ್ಸನ್ ಶಿಬಿರದಲ್ಲಿ ಸತ್ತರು. ಪಟ್ಟಿಯಲ್ಲಿದ್ದ ಆ ಟಾರ್ಟನ್ನು ಮಕ್ಕಳಿಗೆ ನಾನು ಒಮ್ಮೆಯೂ ಹೇಳಿರಲಿಲ್ಲ. ಹೇಳಬೇಕಿತ್ತು. ಇಸವಿಗಳನ್ನು ಮರೆತರೂ ಅದನ್ನು ಅವರು ಮರೆಯುತ್ತಿರಲಿಲ್ಲ.

ಕೇಕು ಹೊಂಬಣ್ಣಕ್ಕೆ ತಿರುಗಿ ಬೆಂದಿತ್ತು. ಬೆರಳಿನಿಂದ ಒತ್ತಿದರೆ ಮತ್ತೆ ಮೇಲೇಳುತ್ತಿತ್ತು. ಅದು ತಣಿಯುವವರೆಗೆ ಓಮಾ ಸಕ್ಕರೆಯ ಪೊಟ್ಟಣವನ್ನು ಕೈಯಲ್ಲಿ ತಿರುಗಿಸುತ್ತ, 'ನೀವು ಇತಿಹಾಸದ ಮೇಷ್ಟರು. ಇದರ ಕಥೆ ಗೊತ್ತೇ?' ಎಂದು ಕೇಳಿದರು. ಅರ್ಧ ಗೊತ್ತಿತ್ತು, ಉಳಿದರ್ಧವನ್ನು ಆಮೇಲೆ ಓದಿ ತಿಳಿದೆ.

ಈ ಕೇಕಿಗೆ ಹಾಕಿದ್ದು ಬೀಟಿನ ಸಕ್ಕರೆ. 1747ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಮಾರ್ಗ್ರಾಫ್, ಬೀಟಿನಲ್ಲಿರುವುದೂ ಕಬ್ಬಿನಲ್ಲಿರುವುದೂ ಒಂದೇ ಸಕ್ಕರೆಯೆಂದು ತೋರಿಸಿಕೊಟ್ಟ. ಅವನ ಶಿಷ್ಯ ಆಖಾರ್ಡ್ 1801ರಲ್ಲಿ ಕಾರ್ಖಾನೆ ತೆರೆದ. ನೆದರ್ಲೆಂಡ್ಸಿನಲ್ಲಿ ಬೀಟ್ ಸಕ್ಕರೆಯ ಉದ್ಯಮ ನೆಲೆಯೂರಿದ್ದು 1858ರಲ್ಲಿ, ಝೇವನ್‌ಬೆರ್ಗನ್ ಎಂಬ ಊರಿನ ಕಾರ್ಖಾನೆಯೊಂದಿಗೆ. ಅದಕ್ಕೂ ಹಿಂದಿನ ಎರಡು ಶತಮಾನಗಳ ಸಕ್ಕರೆ ಕಬ್ಬಿನದು, ಕಡಲಾಚೆಯದು. ಹದಿನೇಳನೆಯ ಶತಮಾನದ ನಡುವಿನಲ್ಲಿ ಆಮ್‌ಸ್ಟರ್‌ಡ್ಯಾಮ್ ಒಂದರಲ್ಲೇ ಸುಮಾರು ಐವತ್ತು ಸಕ್ಕರೆ ಶುದ್ಧೀಕರಣ ಮನೆಗಳಿದ್ದವು. ಕಚ್ಚಾ ಸಕ್ಕರೆ ಮೊದಲು ಬ್ರೆಜಿಲಿನಿಂದ ಬರುತ್ತಿತ್ತು. ಅಲ್ಲಿನ ಪೆರ್ನಾಂಬುಕೋ ಪ್ರಾಂತ 1630ರಿಂದ 1654ರವರೆಗೆ ಡಚ್ಚರ ವಶದಲ್ಲಿತ್ತು. ಆಮೇಲೆ 1667ರಲ್ಲಿ ಕೈವಶವಾದ ಸುರಿನಾಮ್. ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರು ಅಲ್ಲಿ ಕಬ್ಬು ಕಡಿದರು, ಗಾಣಕ್ಕೆ ಕೊಟ್ಟರು, ಕುದಿಯುವ ರಸದ ಕೊಪ್ಪರಿಗೆಗಳ ಮುಂದೆ ಬೆಂದರು.

1863ರ ಜುಲೈ 1ರಂದು ಗುಲಾಮಗಿರಿ ರದ್ದಾಯಿತು. ಸುರಿನಾಮಿನಲ್ಲಿ ಒಬ್ಬೊಬ್ಬ ಗುಲಾಮನಿಗೆ 300 ಗಿಲ್ಡರಿನಂತೆ ಪರಿಹಾರ ಕೊಟ್ಟರು. ಕೊಟ್ಟದ್ದು ಗುಲಾಮನಿಗಲ್ಲ, ಒಡೆಯನಿಗೆ! ಬಿಡುಗಡೆಯಾದವರು ಮತ್ತೆ ಹತ್ತು ವರ್ಷ ಸರ್ಕಾರದ ನಿಗಾದಲ್ಲಿ ಒಪ್ಪಂದದ ಮೇಲೆ ದುಡಿಯಬೇಕಾಯಿತು. ಆ ಅವಧಿ ಮುಗಿದದ್ದು 1873ರಲ್ಲಿ. ಅದೇ ವರ್ಷ ಜೂನ್ 5ರಂದು 'ಲಾಲಾ ರೂಖ್' ಎಂಬ ಹಡಗು ಕಲ್ಕತ್ತೆಯಿಂದ ಹೊರಟು ಸುರಿನಾಮ್ ತಲುಪಿತು. ಅದರಲ್ಲಿ ಬಂದವರು ನಮ್ಮ ದೇಶದ ಕೂಲಿಗಳು. 1916ರವರೆಗೆ ಹೀಗೆ 34,000ಕ್ಕೂ ಹೆಚ್ಚು ಭಾರತೀಯರು ಹೋದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಸುಮಾರಿಗೆ ಅವರ ವಂಶಜರಲ್ಲಿ ಅನೇಕರು ನೆದರ್ಲೆಂಡ್ಸಿಗೆ ವಲಸೆ ಬಂದರು. ಹೇಗ್ ನಗರದಲ್ಲಿ ಇಂದಿಗೂ ಅವರು ದೊಡ್ಡ ಸಂಖ್ಯೆಯಲ್ಲಿದ್ದಾರೆ.

ನಾನು ಕುಂದಾಪುರದ ಕಡೆಯವನು. ನಮ್ಮ ಸಮೀಪದ ಬಸರೂರಿನಲ್ಲೂ ಹದಿನೇಳನೆಯ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರ ಕೋಠಿಯಿತ್ತು. ಕೆಳದಿ ನಾಯಕರ ನಾಡಿನ ಅಕ್ಕಿ, ಕಾಳುಮೆಣಸು ಅಲ್ಲಿಂದ ಹಡಗೇರುತ್ತಿದ್ದವು. ಅದನ್ನು ಊರಿನ ಹೆಮ್ಮೆಯೆಂಬಂತೆ ಪಾಠದಲ್ಲಿ ಹೇಳುತ್ತಿದ್ದೆ. ಆ ಅಕ್ಕಿಯನ್ನು ನೆಟ್ಟವರು ಯಾರು, ಅವರಿಗೆ ದಕ್ಕಿದ್ದೆಷ್ಟು ಎಂದು ನಾನೂ ಕೇಳಲಿಲ್ಲ, ಪಠ್ಯಪುಸ್ತಕವೂ ಹೇಳಲಿಲ್ಲ. ಸಕ್ಕರೆಯ ಪೊಟ್ಟಣವನ್ನು ಓಮಾ ಮೇಜಿನ ಮೇಲಿಟ್ಟಾಗ ಆ ಹುಡುಗನ ಒಂದು ಸಾಲಿನ ಉತ್ತರ ಕಣ್ಣ ಮುಂದೆ ಬಂದಿತು. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ. ಮುನ್ನೂರು ವರ್ಷಗಳ ವ್ಯಾಪಾರದ ಇತಿಹಾಸವನ್ನು ಅವನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದ.

ಓಮಾ ಇದನ್ನೆಲ್ಲ ಮುಚ್ಚಿಟ್ಟು ಮಾತನಾಡಿದವರಲ್ಲ. ಹಸಿವಿನ ಚಳಿಗಾಲದ ಬಗ್ಗೆ ಶಾಲೆಯಲ್ಲಿ ತಮಗೆ ಚೆನ್ನಾಗಿ ಕಲಿಸಿದರು, ಸುರಿನಾಮಿನ ಬಗ್ಗೆ ಏನೂ ಕಲಿಸಲಿಲ್ಲ ಎಂದರು. 2022ರ ಡಿಸೆಂಬರ್ 19ರಂದು ಪ್ರಧಾನಿ ಮಾರ್ಕ್ ರುಟ್ಟೆ ಸರ್ಕಾರದ ಪರವಾಗಿಯೂ, 2023ರ ಜುಲೈ 1ರಂದು ದೊರೆ ವಿಲೆಮ್-ಅಲೆಕ್ಸಾಂಡರ್ ಸ್ವತಃ ತಾವೂ ಗುಲಾಮಗಿರಿಗಾಗಿ ಕ್ಷಮೆ ಕೇಳಿದರು. ದೊರೆಯ ಮಾತನ್ನು ಟಿವಿಯಲ್ಲಿ ಕೇಳಿದಾಗ ತಮ್ಮ ತಾಯಿಯ ನೆನಪಾಯಿತು, ಹಸಿದವರ ಕಥೆಯನ್ನು ಹಸಿದವರಾದರೂ ಕೇಳಬೇಕಲ್ಲವೇ ಎಂದು ಓಮಾ ಹೇಳಿದರು. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಕೆನೆಯ ಸರದಿ. ನಾವು ಕೆನೆ ಎನ್ನುವುದು ಕಾಯಿಸಿದ ಹಾಲಿನ ಮೇಲೆ ಕಟ್ಟುವ ಪದರವನ್ನು. ಇದು ಹಸಿಹಾಲಿನಿಂದ ಬೇರ್ಪಡಿಸಿದ, ಸುರಿಯಬಹುದಾದ ಕೆನೆ, ನೂರಕ್ಕೆ ಸುಮಾರು 35 ಭಾಗ ಕೊಬ್ಬು. ಹಿಂದೆ ಹಾಲನ್ನು ಅಗಲವಾದ ಪಾತ್ರೆಗಳಲ್ಲಿ ಇಟ್ಟು, ಕೆನೆ ತಾನಾಗಿ ಮೇಲೇರುವವರೆಗೆ ಕಾಯಬೇಕಿತ್ತು. 1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್, ಹಾಲನ್ನು ಗಿರಗಿರನೆ ತಿರುಗಿಸಿ ಕೆನೆ ಬೇರ್ಪಡಿಸುವ ಯಂತ್ರ ರೂಪಿಸಿದ. ಫ್ರೀಸ್‌ಲಾಂಡ್ ಪ್ರಾಂತದ ವಾರ್ಗಾ ಗ್ರಾಮದಲ್ಲಿ 1886ರಲ್ಲಿ ರೈತರು ಕೂಡಿ ದೇಶದ ಮೊದಲ ಸಹಕಾರಿ ಹಾಲಿನ ಕಾರ್ಖಾನೆ ತೆರೆದರು. ಕೆಸರಾದ ಕೈಗೇ ಮೊಸರು ಸಿಗುವಂತೆ ಮಾಡುವ ಒಂದು ದಾರಿ ಅದು. ನಮ್ಮ ಹಳ್ಳಿಗಳ ಹಾಲಿನ ಸಂಘಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದದ್ದು ಒಲೆಯ ಮಾತು. 1959ರಲ್ಲಿ ಗ್ರೋನಿಂಗನ್ ಪ್ರಾಂತದ ಸ್ಲೋಖ್ಟರನ್‌ನಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. 1960ರ ದಶಕದಲ್ಲಿ ಅದು ಮನೆಮನೆಗೂ ಹರಿಯಿತು. ತಂಪುಪೆಟ್ಟಿಗೆಯೂ ಅದೇ ಕಾಲದಲ್ಲಿ ಅಡುಗೆಮನೆ ಸೇರಿತು. ಆ ಅನಿಲ ತೆಗೆದುದರಿಂದಲೇ ಗ್ರೋನಿಂಗನ್ನಿನ ನೆಲ ನಡುಗಿ ಮನೆಗಳು ಬಿರುಕುಬಿಟ್ಟವು, 2023ರ ಅಕ್ಟೋಬರ್ 1ರಂದು ಉತ್ಪಾದನೆಯನ್ನು ನಿಲ್ಲಿಸಿದರು. ಅಗ್ಗದ ಒಲೆಯ ಬೆಲೆಯನ್ನೂ ಬೇರೆ ಯಾರೋ ತೆತ್ತರು.

ಮುಕ್ಕಾಲು ಲೀಟರ್ ಕೆನೆ, 60 ಗ್ರಾಂ ಸಕ್ಕರೆ, ಸ್ವಲ್ಪ ವೆನಿಲಾ. ಪಾತ್ರೆ, ಕಡೆಗೋಲು, ಕೆನೆ ಮೂರೂ ತಣ್ಣಗಿರಬೇಕು. ಕೊಬ್ಬಿನ ಕಣಗಳು ಒಂದಕ್ಕೊಂದು ಅರೆಬರೆ ಅಂಟಿಕೊಂಡು ಗಾಳಿಯ ಗುಳ್ಳೆಗಳನ್ನು ಹಿಡಿದಿಡುತ್ತವೆ. ಬೆಚ್ಚಗಾದರೆ ಕರಗಿ ಬಿಟ್ಟುಬಿಡುತ್ತವೆ. ಓಮಾ ಇನ್ನೂ ಬಂದಿರಲಿಲ್ಲ. ಹಿಂದಿನ ದಿನದ ಯಶಸ್ಸಿನಿಂದ ಉಬ್ಬಿದ್ದ ನಾನೇ ಅರ್ಧ ಕೆನೆಯನ್ನು ಹೊಡೆಯತೊಡಗಿದೆ. ಎರಡೇ ನಿಮಿಷದಲ್ಲಿ ಚೆಂದವಾಗಿ ಗಟ್ಟಿಯಾಯಿತು. ಇನ್ನೂ ಸ್ವಲ್ಪ ಗಟ್ಟಿಯಾಗಲಿ ಎಂದು ಮುಂದುವರಿಸಿದೆ. ನೋಡುತ್ತಿದ್ದಂತೆ ಕೆನೆ ಒಡೆದು, ಹಳದಿ ಹರಳುಗಳಾಗಿ, ನೀರು ಬಿಟ್ಟುಕೊಂಡಿತು. ನನ್ನಾಕೆ ಇಣುಕಿ ನೋಡಿ, 'ಇದಕ್ಕೆ ಡಚ್ಚರ ದೇಶಕ್ಕೆ ಬರಬೇಕಿತ್ತೇ? ಮನೆಯಲ್ಲಿ ದಿನಾ ಇದೇ ಮಾಡುತ್ತಿದ್ದೆನಲ್ಲ' ಎಂದು ನಕ್ಕಳು. ಅದು ಬೆಣ್ಣೆಯಾಗಿತ್ತು! ಅವಳು ಅದನ್ನು ತಣ್ಣೀರಿನಲ್ಲಿ ತೊಳೆದು ಕಾಯಿಸಿದಳು. ಆ ತುಪ್ಪ ಮಧ್ಯಾಹ್ನದ ಹೋಳಿಗೆಗೆ ಬಂತು. ಅಳಿಯ ಅಂಗಡಿಗೆ ಓಡಿ ಮತ್ತೆ ಕೆನೆ ತಂದ.

ಓಮಾ ಬಂದ ಮೇಲೆ ಕೆಲಸ ಕ್ರಮವಾಗಿ ನಡೆಯಿತು. ಕೇಕನ್ನು ದಾರದಿಂದ ಅಡ್ಡಲಾಗಿ ಮೂರು ಪದರವಾಗಿ ಕುಯ್ದರು. ಒಂದರ ಮೇಲೆ ಸ್ಟ್ರಾಬೆರಿ ಜ್ಯಾಮ್, ಇನ್ನೊಂದರ ಮೇಲೆ ಕೆನೆ ಮತ್ತು ಅನಾನಸಿನ ಚೂರುಗಳು. ಮೇಲೂ ಸುತ್ತಲೂ ಕೆನೆ ಬಳಿದು, ಅಂಚಿಗೆ ನನ್ನಾಕೆ ಹುರಿದ ಬಾದಾಮಿ ಚಕ್ಕೆ ಒತ್ತಿದರು. ಚೀಲದಿಂದ ಹನ್ನೆರಡು ಕೆನೆಯ ಹೂವು ಬಿಟ್ಟು, ಒಂದೊಂದರ ಮೇಲೂ ಒಂದು ಸ್ಟ್ರಾಬೆರಿ. ಹೂವು ಬಿಡುವಾಗ ಎಂಬತ್ತೇಳರ ಆ ಕೈ ಒಮ್ಮೆಯೂ ನಡುಗಲಿಲ್ಲ.

ಸಂಜೆ ಕುರ್ಚಿಗಳು ವೃತ್ತಾಕಾರವಾದವು. ಬಂದವರೆಲ್ಲ ನನ್ನ ಕೈಕುಲುಕಿ, ಮೊಮ್ಮಗಳು ಹುಟ್ಟಿದ್ದಕ್ಕೆ ನನ್ನನ್ನು ಅಭಿನಂದಿಸಿದರು. ನನ್ನಾಕೆಗೆಂದು ಓಮಾ ಕೇಕಿಲ್ಲದ ಕೆನೆಯನ್ನೂ ಹಣ್ಣನ್ನೂ ಪುಟ್ಟ ಬಟ್ಟಲಲ್ಲಿ ಬೇರೆಯಾಗಿಯೇ ತೆಗೆದಿಟ್ಟಿದ್ದರು. ಮೊಮ್ಮಗಳು ಮೊದಲ ತುಂಡನ್ನು ಓಮಾಗೆ ಕೊಟ್ಟಳು. ಅವರು ಅದನ್ನು ಬಹಳ ನಿಧಾನವಾಗಿ, ತಟ್ಟೆಯಲ್ಲಿ ಒಂದು ಕಣವೂ ಉಳಿಯದಂತೆ ತಿಂದರು.

ಊರಿಗೆ ಮರಳಿದ ಮೇಲೆ ಆ ಹುಡುಗನನ್ನು ವಿಚಾರಿಸಿದೆ. ಈಗ ಅವನೂ ನಡುವಯಸ್ಸಿನವನು. ಊರಿನ ಹಾಲಿನ ಸಂಘಕ್ಕೆ ದಿನವೂ ಹಾಲು ಹಾಕುತ್ತಾನೆಂದು ತಿಳಿಯಿತು. ಹೋಗಿ ಕಂಡೆ. ಗಾದೆಯ ವಿಷಯ ಎತ್ತಿದರೆ ಅವನಿಗೆ ನೆನಪೇ ಇರಲಿಲ್ಲ. 'ಐದಕ್ಕೆ ಐದು ಕೊಡಬೇಕಿತ್ತು, ತಪ್ಪಾಯಿತು' ಎಂದೆ. ಅವನು ನಕ್ಕು, 'ಬನ್ನಿ ಸರ್, ಮಜ್ಜಿಗೆ ಕುಡಿದುಕೊಂಡು ಹೋಗಿ' ಎಂದು ಒಳಗೆ ಕರೆದ.